ಕಾರ್ಡ್‌ಲೆಸ್ ನೇಲ್ ಗನ್

ಬ್ಯಾಟರಿಯ ಬಲದಿಂದ ಮರಕ್ಕೆ ಮೊಳೆ ಹೊಡೆಯುವ ಕೈಯುಪಕರಣ. ಕಂಪ್ರೆಸರ್, ಗಾಳಿಪೈಪುಗಳ ಹಂಗಿಲ್ಲ. ಕೆಲವು ಮಾದರಿಗಳಲ್ಲಿ ವೇಗವಾಗಿ ತಿರುಗುವ ಫ್ಲೈವೀಲ್, ಇನ್ನು ಕೆಲವುಗಳಲ್ಲಿ ಒಳಗೇ ಒತ್ತಿಟ್ಟ ಅನಿಲ ಮೊಳೆಯನ್ನು ದೂಡುತ್ತದೆ.

ಮೂತಿಯನ್ನು ಮರಕ್ಕೆ ಒತ್ತದ ಹೊರತು ಮೊಳೆ ಹಾರದು. ಆದರೂ ಅಪಾಯ ಎಷ್ಟೆಂಬುದು ಟ್ರಿಗರ್ ಬಗೆಯನ್ನು ಅವಲಂಬಿಸಿದೆ. ಪೂರ್ಣ ಸೀಕ್ವೆನ್ಶಿಯಲ್ ಟ್ರಿಗರ್‌ನಲ್ಲಿ ಮೊದಲು ಮೂತಿ ಒತ್ತಿ, ಆಮೇಲೆ ಟ್ರಿಗರ್ ಎಳೆಯಬೇಕು. ಪ್ರತಿ ಮೊಳೆಗೂ ಎರಡನ್ನೂ ಬಿಟ್ಟು ಮತ್ತೆ ಮೊದಲಿಂದ. ಕಾಂಟ್ಯಾಕ್ಟ್ ಟ್ರಿಗರ್‌ನಲ್ಲಾದರೆ ಬೆರಳು ಒತ್ತಿಯೇ ಇದ್ದಾಗ ಮೂತಿ ತಾಗಿದಲ್ಲೆಲ್ಲ ಮೊಳೆ ನುಗ್ಗುತ್ತದೆ, ಅದು ಹಲಗೆಯಾಗಲಿ ಮೊಣಕಾಲಾಗಲಿ. ಗನ್ ಹಿಂದಕ್ಕೆ ಒದ್ದು ಮತ್ತೆ ತಾಗಿದಾಗ ಎರಡನೆಯ ಮೊಳೆ ಹಾರುವುದೂ ಉಂಟು. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆಗಳಾದ ಓಶಾ ಮತ್ತು ನಿಯೋಶ್‌ಗಳ 2011ರ ಕೈಪಿಡಿ ಪೂರ್ಣ ಸೀಕ್ವೆನ್ಶಿಯಲ್ ಟ್ರಿಗರನ್ನೇ ಶಿಫಾರಸು ಮಾಡುತ್ತದೆ. ವೇಗದ ಆಸೆಗೆ ಅದನ್ನು ಬಿಡುವುದು ಸರಿಯಲ್ಲ.

ಮರದ ಗಂಟಿಗೆ ತಗುಲಿದ ಮೊಳೆ ಬಾಗಿ ಪಕ್ಕದಿಂದ ಹೊರಬರಬಹುದು. ಹಾಗಾಗಿ ಹಲಗೆ ಹಿಡಿದ ಕೈ ಮೊಳೆ ಹೊಡೆಯುವ ಜಾಗದಿಂದ ಕನಿಷ್ಠ 30 ಸೆಂ.ಮೀ. ದೂರವಿರಬೇಕು. ಸುರಕ್ಷಾ ಕನ್ನಡಕ, ಕಿವಿರಕ್ಷಕ ಕಡ್ಡಾಯ. ಮೊಳೆ ಸಿಕ್ಕಿಕೊಂಡರೆ ಮೊದಲು ಬ್ಯಾಟರಿ ಕಳಚಿ, ಮೊಳೆಪಟ್ಟಿ ತೆಗೆದ ಮೇಲೆಯೇ ಕೈಹಾಕಬೇಕು.

ದೂಳು ತುಂಬಿ ಮೂತಿ ಬಿಗಿಯಾದರೆ ಸುರಕ್ಷಾ ವ್ಯವಸ್ಥೆಯೇ ಕೈಕೊಡುತ್ತದೆ. ಮೂತಿಯನ್ನು ಒಣಬಟ್ಟೆಯಲ್ಲಿ ಒರೆಸಿ, ಸರಾಗವಾಗಿ ಹಿಂದೆಮುಂದೆ ಜಾರುವುದೇ ಎಂದು ದಿನವೂ ನೋಡಬೇಕು. ತಯಾರಕರು ಹೇಳದ ಹೊರತು ಎಣ್ಣೆ ಹಾಕಬಾರದು. ಲಿಥಿಯಂ ಬ್ಯಾಟರಿಯನ್ನು ಬಿಸಿಲಲ್ಲಿ ನಿಂತ ವಾಹನದೊಳಗೆ ಬಿಡಬಾರದು.