ಹಳೆಯ ಫರ್ ಕೋಟು ಅಸಲಿಯೇ, ಎಷ್ಟು ವರ್ಷದ್ದು? ‘ಸುಟ್ಟು ನೋಡಿ’ ಎಂಬ ಸಲಹೆ ಎಷ್ಟು ಸರಿ?

ಅಮೆರಿಕ, ಕೆನಡಾದಲ್ಲಿ ಥ್ರಿಫ್ಟ್ ಸ್ಟೋರ್ ಎಂಬ ಅಂಗಡಿಗಳಿವೆ. ಜನ ಬಳಸಿ ಬಿಟ್ಟ ಬಟ್ಟೆ, ಪಾತ್ರೆ, ಪೀಠೋಪಕರಣಗಳು ಅಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಓದಲು, ಕೆಲಸಕ್ಕೆಂದು ಹೋದ ನಮ್ಮವರಲ್ಲಿ ಹಲವರು ಚಳಿಗಾಲದ ಬಟ್ಟೆಯನ್ನು ಅಲ್ಲೇ ಕೊಳ್ಳುತ್ತಾರೆ. ಒಮ್ಮೊಮ್ಮೆ ಅಲ್ಲಿ ಹಳೆಯ ಫರ್ ಕೋಟೂ ಸಿಗುತ್ತದೆ. ಅದರ ಫೋಟೊ ಫ್ಯಾಮಿಲಿ ಗ್ರೂಪಿಗೆ ಬಂದರೆ ಸಲಹೆಗಳು ಶುರು: ‘ಒಂದು ಕೂದಲು ಸುಟ್ಟು ನೋಡು, ಅಸಲಿಯೋ ನಕಲಿಯೋ ಗೊತ್ತಾಗುತ್ತೆ’, ‘ಲೇಬಲ್‌ನಲ್ಲಿ ಬರೆದಿದ್ದರೆ ಮುಗೀತು, ಅದೇ ನಿಜ’, ‘ಚಿರತೆ ಚರ್ಮದ ಹಾಗಿದೆ, ಲಕ್ಷಗಟ್ಟಲೆ ಬೆಲೆ ಬರುತ್ತೆ, ಊರಿಗೆ ತಗೊಂಡು ಬಾ’.

ಈ ಮೂರರಲ್ಲಿ ಮೊದಲನೆಯದು ಅರ್ಧ ಸತ್ಯ. ಎರಡನೆಯದನ್ನು ಕೋಟಿನ ಕಾಲ ನೋಡಿ ನಂಬಬೇಕು. ಮೂರನೆಯದನ್ನು ನಂಬಿ ಹೊರಟರೆ ಕಸ್ಟಮ್ಸ್ ಕೌಂಟರಿನಲ್ಲಿ ಸಿಕ್ಕಿಬೀಳಬಹುದು. ಒಂದೊಂದಾಗಿ ನೋಡೋಣ.

ಅಸಲಿಯೋ ನಕಲಿಯೋ: ಮೊದಲು ಬುಡ ನೋಡಿ

ಪ್ರಾಣಿಯ ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆಗಿದೆ. ನಮ್ಮ ತಲೆಗೂದಲು, ಉಗುರು ಕೂಡ ಅದರಿಂದಲೇ ಆದವು. ಹಾಗಾಗಿ ಅಸಲಿ ಫರ್ ಸುಟ್ಟಾಗ ತಲೆಗೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಬೂದಿಯನ್ನು ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತದೆ. ನಕಲಿ ಫರ್ ಹೆಚ್ಚಾಗಿ ಅಕ್ರಿಲಿಕ್‌ನದು. ಅದು ಕರಗಿ ಗಟ್ಟಿ ಮಣಿಯಂತಾಗುತ್ತದೆ. ಇಷ್ಟರ ಮಟ್ಟಿಗೆ ಫಾರ್ವರ್ಡ್ ಹೇಳುವುದು ಸರಿ.

ಆದರೆ ಇದರಲ್ಲಿ ಎರಡು ತೊಂದರೆಗಳಿವೆ. ಫರ್‌ನಂತೆ ಕಾಣುವ ಕೆಲವು ಹಳೆಯ ಬಟ್ಟೆಗಳನ್ನು ಅಲ್ಪಾಕಾ ಅಥವಾ ಮೇಕೆಯ ಕೂದಲಿನ ನೂಲಿನಿಂದ ನೇಯುತ್ತಿದ್ದರು. ಅವೂ ಕೆರಾಟಿನ್ ಆದ್ದರಿಂದ ಸುಟ್ಟರೆ ಅದೇ ವಾಸನೆ ಬರುತ್ತದೆ, ಆದರೆ ಅದು ಫರ್ ಅಲ್ಲ, ನೇಯ್ದ ಬಟ್ಟೆ. ಎರಡನೆಯದು, ಅಕ್ರಿಲಿಕ್ ಬೇಗ ಹೊತ್ತಿಕೊಳ್ಳುತ್ತದೆ. ಕೋಟಿನ ಮೇಲೇ ಕಡ್ಡಿ ಗೀರಿದರೆ ಕೋಟಿನ ಜೊತೆ ಕೈಯೂ ಸುಡುತ್ತದೆ.

ಇದಕ್ಕಿಂತ ಸುಲಭವಾದ ದಾರಿ ಇದೆ. ತಲೆಗೆ ಬೈತಲೆ ತೆಗೆದ ಹಾಗೆ ಕೋಟಿನ ಕೂದಲನ್ನು ಎರಡು ಕಡೆಗೆ ಸರಿಸಿ ಬುಡ ನೋಡಿ. ಅಸಲಿಯಾದರೆ ಕೂದಲು ತೊಗಲಿನಿಂದ ಹೊರಟಿರುತ್ತದೆ. ನಕಲಿಯಾದರೆ ಅಡಿಯಲ್ಲಿ ನೇಯ್ದ ಅಥವಾ ಹೆಣೆದ ಬಟ್ಟೆ ಕಾಣುತ್ತದೆ. ಹಲವು ಫರ್ ಕೋಟುಗಳಲ್ಲಿ ಒಳಗಿನ ಲೈನಿಂಗ್ ಬಟ್ಟೆಯನ್ನು ಕೆಳ ಅಂಚಿಗೆ ಹೊಲಿಯದೆ ಬಿಟ್ಟಿರುತ್ತಾರೆ. ಅದನ್ನು ಎತ್ತಿದರೆ ತೊಗಲಿನ ಹಿಂಬದಿಯೇ ಕಾಣುತ್ತದೆ.

‘ಕೂದಲ ತುದಿ ಸೂಜಿಯಂತೆ ಚೂಪಾಗಿದ್ದರೆ ಅಸಲಿ, ಮೊಂಡಾಗಿದ್ದರೆ ನಕಲಿ’ ಎಂಬ ಮಾತೂ ಓಡಾಡುತ್ತದೆ. ಇದೂ ಪೂರ್ತಿ ಸರಿಯಲ್ಲ. ಬೀವರ್, ಮೊಲ, ಕುರಿಯ ಫರ್‌ಗಳನ್ನು ಎಷ್ಟೋ ಸಲ ಕತ್ತರಿಸಿ ಮಖಮಲ್ಲಿನಂತೆ ಸಮ ಮಾಡುತ್ತಾರೆ. ಆಗ ಅಸಲಿ ಕೂದಲಿನ ತುದಿಯೂ ಮೊಂಡಾಗಿರುತ್ತದೆ.

ಯಾವ ಪ್ರಾಣಿಯದು?

ಚಳಿ ನಾಡಿನ ಬಹುತೇಕ ಪ್ರಾಣಿಗಳ ತುಪ್ಪಳದಲ್ಲಿ ಎರಡು ಪದರಗಳಿರುತ್ತವೆ. ಹೊರಗೆ ಉದ್ದನೆಯ, ಹೊಳೆಯುವ ಕಾವಲು ಕೂದಲು. ಒಳಗೆ ಮೈ ಬೆಚ್ಚಗಿಡುವ ಗಿಡ್ಡ, ಮೆತ್ತನೆಯ ಒತ್ತು ಕೂದಲು. ಈ ಎರಡರ ಉದ್ದ, ಹೊಳಪು, ದಟ್ಟಣೆ ನೋಡಿ ಪ್ರಾಣಿಯನ್ನು ಅಂದಾಜು ಮಾಡಬಹುದು.

• ಮಿಂಕ್: ನಮ್ಮ ನೀರುನಾಯಿಯ ಕುಟುಂಬಕ್ಕೇ ಸೇರಿದ ಚಿಕ್ಕ ಪ್ರಾಣಿ. ಕೂದಲು ಗಿಡ್ಡ, ಒಂದೇ ಸಮ, ಒಳ್ಳೆಯ ಹೊಳಪು. ಒಳ್ಳೆಯ ಕೋಟುಗಳಲ್ಲಿ ಒಂದೊಂದು ಚರ್ಮವನ್ನೂ ಓರೆಯಾಗಿ ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಮತ್ತೆ ಜೋಡಿಸಿ ಹೊಲಿದು ಉದ್ದ ಮಾಡಿರುತ್ತಾರೆ. ಲೈನಿಂಗ್ ಎತ್ತಿದರೆ ಸಾಲು ಸಾಲು ಹೊಲಿಗೆ ಕಾಣುತ್ತದೆ.

• ಮಸ್ಕ್‌ರ್ಯಾಟ್: ನೀರಿನಲ್ಲಿ ಬದುಕುವ, ಇಲಿಯ ಜಾತಿಯ ಪ್ರಾಣಿ. ದೂರದಿಂದ ಮಿಂಕ್‌ನಂತೆಯೇ ಕಾಣುತ್ತದೆ. ಬೆನ್ನಿನ ಭಾಗ ಕಪ್ಪು, ಪಕ್ಕದ ಭಾಗ ತಿಳಿ ಆಗಿರುವುದರಿಂದ ಬಣ್ಣ ಬೇರೆ ಬೇರೆ ಇರುತ್ತದೆ.

• ಮೊಲ: ತುಂಬ ಮೆತ್ತಗೆ, ಆದರೆ ಕೈಯಾಡಿಸಿದರೆ ಕೂದಲು ಉದುರುತ್ತದೆ.

• ನರಿ ಮತ್ತು ರಕೂನ್: ಉದ್ದ, ಉಬ್ಬಿದ ಕೂದಲು. ರಕೂನ್‌ನಲ್ಲಿ ಕಪ್ಪು, ಬೂದು, ಕಂದು ಬಣ್ಣಗಳು ಬೆರೆತಿರುತ್ತವೆ. 1920ರ ದಶಕದಲ್ಲಿ ಅಮೆರಿಕದ ಕಾಲೇಜು ಹುಡುಗರಿಗೆ ರಕೂನ್ ಕೋಟಿನ ಹುಚ್ಚು ಹಿಡಿದಿತ್ತು.

• ಕರಾಕುಲ್ ಕುರಿ: ಕೂದಲು ಬಿಗಿಯಾದ ಸುರುಳಿ ಸುರುಳಿ. ಪಾಶ್ಚಾತ್ಯ ಅಂಗಡಿಗಳು ಇದನ್ನು ‘ಪರ್ಷಿಯನ್ ಲ್ಯಾಂಬ್’ ಎಂದು ಮಾರಿದವು. ಅಫ್ಘಾನಿಸ್ತಾನದ ಮಾಜಿ ಅಧ್ಯಕ್ಷ ಹಮೀದ್ ಕರ್ಜಾಯಿ ಅವರ ಟೋಪಿ ನೆನಪಿದೆಯಲ್ಲವೇ? ಅದು ಈ ಕುರಿಮರಿಯದೇ.

ಕಣ್ಣಂದಾಜಿಗೆ ಒಂದು ಮಿತಿ ಇದೆ. ಖಚಿತ ಉತ್ತರ ಸಿಗುವುದು ಸೂಕ್ಷ್ಮದರ್ಶಕದಲ್ಲಿ. ಮೊಲದ ಕೂದಲಿನ ನಡುವೆ ಗಾಳಿ ತುಂಬಿದ ಕೋಶಗಳು ಮುಸುಕಿನ ಜೋಳದ ಕಾಳಿನಂತೆ ಸಾಲಾಗಿ ಜೋಡಿಸಿಕೊಂಡಿರುತ್ತವೆ. ಕೂದಲಿನ ಒಳ ರಚನೆ, ಹೊರಗಿನ ಹುರುಪೆಗಳ ವಿನ್ಯಾಸ ಪ್ರಾಣಿಯಿಂದ ಪ್ರಾಣಿಗೆ ಬೇರೆ. ವನ್ಯಜೀವಿ ಅಪರಾಧಗಳ ತನಿಖೆಯಲ್ಲಿ ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆಯಂಥ ಕಡೆ ತಜ್ಞರು ನೋಡುವುದು ಇದನ್ನೇ. ಬೇಕಾದಾಗ ಡಿಎನ್‌ಎ ಪರೀಕ್ಷೆಯೂ ನಡೆಯುತ್ತದೆ.

ವಯಸ್ಸು ಲೆಕ್ಕ ಹಾಕುವುದು ಹೇಗೆ?

ಮೊದಲು ಒಂದು ತರ್ಕ ತಿಳಿದುಕೊಳ್ಳಿ. ಅಜ್ಜಿಯ ಹಳೆಯ ಟ್ರಂಕಿನಲ್ಲಿ 2000 ರೂಪಾಯಿಯ ನೋಟು ಸಿಕ್ಕಿತೆನ್ನಿ. ಆ ನೋಟು ಬಂದಿದ್ದು 2016ರ ನವೆಂಬರ್‌ನಲ್ಲಿ. ಅಂದರೆ ಅದಾದ ಮೇಲೆ ಯಾರೋ ಟ್ರಂಕ್ ತೆರೆದಿದ್ದಾರೆ ಎಂಬುದು ಖಚಿತ. ಆದರೆ ಟ್ರಂಕ್ ಯಾವ ಕಾಲದ್ದು ಎಂದು ನೋಟು ಹೇಳುವುದಿಲ್ಲ. ಕೋಟಿನ ಲೇಬಲ್ಲೂ ಹಾಗೆಯೇ. ‘ನಾನು ಈ ವರ್ಷಕ್ಕಿಂತ ಹಿಂದಿನವನಲ್ಲ’ ಎಂದಷ್ಟೇ ಅದು ಹೇಳುತ್ತದೆ.

ಅಮೆರಿಕದ ಕೋಟುಗಳಲ್ಲಿ ನೋಡಬೇಕಾದ ಗುರುತುಗಳು ಇವು.

1952: ಅದಕ್ಕೂ ಮುಂಚೆ ಅಂಗಡಿಗಳು ಫರ್‌ಗೆ ಬಾಯಿಗೆ ಬಂದ ಹೆಸರು ಇಡುತ್ತಿದ್ದವು. ‘ಹಡ್ಸನ್ ಸೀಲ್’ ಎಂಬ ಹೆಸರಿನ ಕೋಟಿನಲ್ಲಿ ಸೀಲ್ ಪ್ರಾಣಿಯ ಒಂದು ಕೂದಲೂ ಇರುತ್ತಿರಲಿಲ್ಲ. ಅದು ಬಣ್ಣ ಹಾಕಿ ಕತ್ತರಿಸಿದ ಮಸ್ಕ್‌ರ್ಯಾಟ್. ‘ಕೋನಿ’ ಎಂದರೆ ಬರೀ ಮೊಲ. ಇದನ್ನು ತಡೆಯಲು 1951ರಲ್ಲಿ ಅಮೆರಿಕ ಫರ್ ಲೇಬಲ್ ಕಾನೂನು ತಂದಿತು. ಅದು 1952ರ ಆಗಸ್ಟ್‌ನಲ್ಲಿ ಜಾರಿಯಾಯಿತು. ಪ್ರಾಣಿಯ ನಿಜವಾದ ಹೆಸರು, ಹೊರದೇಶದ ಫರ್ ಆದರೆ ಯಾವ ದೇಶದ್ದು, ಬಣ್ಣ ಹಾಕಿದೆಯೇ, ಕಾಲು-ಬಾಲ-ಹೊಟ್ಟೆಯ ತುಂಡುಗಳಿಂದ ಮಾಡಿದ್ದೇ ಎಂಬುದನ್ನೆಲ್ಲ ಬರೆಯುವುದು ಕಡ್ಡಾಯವಾಯಿತು. ಹಾಗಾಗಿ ‘ಡೈ ಮಾಡಿದ ಮಸ್ಕ್‌ರ್ಯಾಟ್’ ಎಂದು ವಿವರವಾಗಿ ಬರೆದ ಲೇಬಲ್ ಇದ್ದರೆ ಅದು ಹೆಚ್ಚಾಗಿ 1952ರ ನಂತರದ್ದು. ಬರೀ ‘ಹಡ್ಸನ್ ಸೀಲ್’ ಎಂದಿದ್ದರೆ ಅದಕ್ಕಿಂತ ಹಿಂದಿನದಿರಬಹುದು.

ಆರ್‌ಎನ್ ಸಂಖ್ಯೆ: ಲೇಬಲ್‌ನಲ್ಲಿ ‘ಆರ್‌ಎನ್’ ಅಕ್ಷರಗಳ ಮುಂದೆ ಒಂದು ಸಂಖ್ಯೆ ಇರಬಹುದು. ಇದು ಅಮೆರಿಕ ಸರ್ಕಾರ ಕಂಪನಿಗೆ ಕೊಟ್ಟ ನೋಂದಣಿ ಸಂಖ್ಯೆ. 101ರಿಂದ 4086ರವರೆಗಿನವು 1952 ಮತ್ತು 1959ರ ನಡುವೆ ಫರ್ ಕಾನೂನಿನಡಿ ಕೊಟ್ಟವು. ಆಮೇಲಿನವು 13670ರಿಂದ ಶುರುವಾಗುತ್ತವೆ. ನೆನಪಿಡಿ, ಇದು ಕಂಪನಿ ನೋಂದಣಿಯ ಕಾಲ. ಅದೇ ಕಂಪನಿ ಅದೇ ಸಂಖ್ಯೆಯನ್ನು 20 ವರ್ಷ ಬಳಸಿರಬಹುದು.

ಅಂಗಡಿಯ ವಿಳಾಸ: ‘ನ್ಯೂಯಾರ್ಕ್ 18’ ಎಂಬಂತೆ ಊರಿನ ಹೆಸರಿನ ಮುಂದೆ ಒಂದೆರಡು ಅಂಕಿ ಇದ್ದರೆ ಅದು 1943ರಲ್ಲಿ ಬಂದ ಅಂಚೆ ವಲಯದ ಪದ್ಧತಿ. ಐದು ಅಂಕಿಯ ಜಿಪ್ ಕೋಡ್ ಬಂದಿದ್ದು 1963ರ ಜುಲೈನಲ್ಲಿ. ಕೋಟಿನ ಜೊತೆ ಹಳೆಯ ರಸೀದಿ, ಪೆಟ್ಟಿಗೆ ಇದ್ದರೆ ಎಸೆಯಬೇಡಿ.

ಬ್ರಾಂಡ್: ‘ಬ್ಲ್ಯಾಕ್‌ಗ್ಲಾಮಾ’ ಎಂಬುದು ಕಪ್ಪು ಮಿಂಕ್‌ನ ಹೆಸರಾಂತ ಬ್ರಾಂಡ್. ಹಾಲಿವುಡ್ ತಾರೆಯರನ್ನಿಟ್ಟುಕೊಂಡು ಅದರ ಪ್ರಸಿದ್ಧ ಜಾಹೀರಾತುಗಳು ಶುರುವಾಗಿದ್ದು 1968ರಲ್ಲಿ. ಹಾಗಾಗಿ ಆ ಹೆಸರಿರುವ ಕೋಟನ್ನು ‘1940ರದು’ ಎಂದು ಯಾರಾದರೂ ಮಾರಿದರೆ ಅನುಮಾನಪಡಿ.

ನಕಲಿ ಫರ್ ಆದರೆ: ಅಕ್ರಿಲಿಕ್ ಇಷ್ಟು ಶೇಕಡಾ, ಮೊಡಾಕ್ರಿಲಿಕ್ ಇಷ್ಟು ಶೇಕಡಾ ಎಂದು ಬರೆದಿದ್ದರೆ ಅದು ಹೆಚ್ಚಾಗಿ 1960ರ ನಂತರದ್ದು. ನೂಲಿನ ವಿವರ ಕಡ್ಡಾಯ ಮಾಡಿದ ಕಾನೂನು ಆ ವರ್ಷ ಜಾರಿಗೆ ಬಂತು. ಒಗೆಯುವ ವಿಧಾನದ ಲೇಬಲ್ ಕಡ್ಡಾಯವಾಗಿದ್ದು 1972ರಲ್ಲಿ.

ಹೊಲಿಗೆಯ ಆಕಾರ ನಂಬಬಹುದೇ?

ಆಕಾರವೂ ಸುಳಿವು ಕೊಡುತ್ತದೆ. 1940ರ ದಶಕದ ಕೋಟುಗಳಿಗೆ ಪ್ಯಾಡ್ ಹಾಕಿದ ಚೌಕ ಭುಜ. 1950ರ ದಶಕದಲ್ಲಿ ಕೆಳಗೆ ಅಗಲವಾಗಿ ಹರಡುವ ಕೋಟು, ಮುಕ್ಕಾಲು ತೋಳು. 1960ರ ದಶಕದಲ್ಲಿ ಉದ್ದ ಕಡಿಮೆ, ಕಾಲರ್ ಚಿಕ್ಕದು. 1970ರ ದಶಕದಲ್ಲಿ ಚರ್ಮದ ಪಟ್ಟಿಗಳ ಜೊತೆ ನರಿಯ ಫರ್. 1980ರ ದಶಕದಲ್ಲಿ ಮತ್ತೆ ದೊಡ್ಡ ಭುಜ, ದೊಗಲೆ ತೋಳು.

ಎಡವುವುದು ಇಲ್ಲೇ. 40ರ ಭುಜ, 80ರ ಭುಜ ಫೋಟೊದಲ್ಲಿ ಒಂದೇ ಥರ ಕಾಣುತ್ತವೆ. ಅದೂ ಅಲ್ಲದೆ ಫರ್ ದುಬಾರಿಯಾದ್ದರಿಂದ ಅದನ್ನು ಸುಮ್ಮನೆ ಎಸೆಯುತ್ತಿರಲಿಲ್ಲ. ಅಜ್ಜಿಯ ರೇಷ್ಮೆ ಸೀರೆ ನಮ್ಮಲ್ಲಿ ಮೊಮ್ಮಗಳ ಲಂಗವಾದ ಹಾಗೆ, ಅಲ್ಲಿ ತಾಯಿಯ ಉದ್ದ ಕೋಟು ಮಗಳ ಗಿಡ್ಡ ಜಾಕೆಟ್ ಆಗುತ್ತಿತ್ತು. ಲೈನಿಂಗ್ ಹರಿದರೆ ಹೊಸದು ಹಾಕಿಸುತ್ತಿದ್ದರು, ಅದರ ಮೇಲೆ ಒಡತಿಯ ಹೆಸರಿನ ಅಕ್ಷರಗಳ ಕಸೂತಿಯೂ ಇರುತ್ತಿತ್ತು. ಹಾಗಾಗಿ ಫರ್ 1940ರದು, ಹೊಲಿಗೆ 1970ರದು ಆಗಿರಬಹುದು. ಕಾಲರ್ ಅಂಚಿನಲ್ಲಿ, ತೋಳಿನ ತುದಿಯಲ್ಲಿ ಹಳೆಯ ಹೊಲಿಗೆಯ ರಂಧ್ರಗಳಿವೆಯೇ ನೋಡಿ. ಒಂದೇ ಗುರುತಿನಿಂದ ತೀರ್ಮಾನ ಮಾಡಬೇಡಿ. ಕನಿಷ್ಠ ಮೂರು ಗುರುತುಗಳು ಒಂದೇ ದಶಕದ ಕಡೆ ಬೊಟ್ಟು ಮಾಡಿದರೆ ಮಾತ್ರ ನಂಬಿ.

ಲಕ್ಷಗಟ್ಟಲೆ ಬೆಲೆ ಬರುತ್ತದೆಯೇ?

ಬಹುತೇಕ ಇಲ್ಲ. ಅಜ್ಜಿಯರ ಕಾಲದ ಕೋಟುಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ, ತೊಡುವವರು ಕಡಿಮೆಯಾಗಿದ್ದಾರೆ. ಗುಚ್ಚಿ, ಪ್ರಾಡಾದಂಥ ದೊಡ್ಡ ಕಂಪನಿಗಳೇ ಫರ್ ಬಳಕೆ ಬಿಡುವುದಾಗಿ ಘೋಷಿಸಿವೆ.

ಬೆಲೆಯನ್ನು ಇನ್ನೂ ಇಳಿಸುವುದು ಚರ್ಮದ ಸ್ಥಿತಿ. ವರ್ಷಗಳು ಕಳೆದಂತೆ ತೊಗಲಿನ ಎಣ್ಣೆಯಂಶ ಹೋಗಿ ಅದು ಒಣಗುತ್ತದೆ, ಕೊನೆಗೆ ಕಾಗದದಂತೆ ಹರಿಯುತ್ತದೆ. ಕೋಟನ್ನು ಮೆಲ್ಲಗೆ ಮಡಚಿದಾಗ ಬಟ್ಟೆಯಂತೆ ಬಾಗಬೇಕು. ಹಪ್ಪಳದಂತೆ ಚರಚರ ಸದ್ದು ಬಂದರೆ ಆ ಕೋಟಿನ ಆಯಸ್ಸು ಮುಗಿದಿದೆ ಎಂದೇ ಲೆಕ್ಕ. ಮೊದಲೇ ಫರ್ ಮಾರುವವರು ಇದನ್ನು ತಂಪಾದ, ಹೆಚ್ಚು ತೇವವಿಲ್ಲದ ಕೋಣೆಯಲ್ಲಿ ಇಡುತ್ತಾರೆ. ಮಂಗಳೂರಿನ ಮಳೆಗಾಲದ ಬೀರುವಿನಲ್ಲಿ ಇಟ್ಟರೆ ಬೂಷ್ಟು ಹಿಡಿಯುತ್ತದೆ, ಕೆರಾಟಿನ್ ತಿನ್ನುವ ನುಸಿಹುಳುಗಳು ಉಳಿದಿದ್ದನ್ನು ಮುಗಿಸುತ್ತವೆ.

ಚುಕ್ಕೆ ಇರುವ ಕೋಟಾದರೆ ಎಚ್ಚರ

1962ರಲ್ಲಿ ಅಮೆರಿಕ ಅಧ್ಯಕ್ಷರ ಪತ್ನಿ ಜಾಕಿ ಕೆನಡಿ ಚಿರತೆ ಚರ್ಮದ ಕೋಟು ತೊಟ್ಟ ಮೇಲೆ ಅಂಥ ಕೋಟಿಗೆ ಬೇಡಿಕೆ ಏರಿತು. ಕಾಡಿನ ಚಿರತೆಗಳು ಅದರ ಬೆಲೆ ತೆತ್ತವು. ವನ್ಯಜೀವಿಗಳ ವ್ಯಾಪಾರ ನಿಯಂತ್ರಿಸುವ ‘ಸೈಟಿಸ್’ ಅಂತರರಾಷ್ಟ್ರೀಯ ಒಪ್ಪಂದ 1975ರಲ್ಲಿ ಜಾರಿಗೆ ಬಂತು. ಚಿರತೆ ಅದರ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ.

ಚುಕ್ಕೆ ಇರುವುದೆಲ್ಲ ಚಿರತೆಯೇ ಆಗಬೇಕಿಲ್ಲ. ಮೊಲ, ಕುರಿಯ ಫರ್ ಮೇಲೆ ಚುಕ್ಕೆ ಅಚ್ಚು ಹಾಕಿದ ಕೋಟುಗಳು ಬಹಳ ಇವೆ. ಕೂದಲು ಸರಿಸಿದಾಗ ಬಣ್ಣ ತುದಿಯಲ್ಲಷ್ಟೇ ಇದ್ದು ಬುಡವೆಲ್ಲ ಒಂದೇ ಬಣ್ಣವಿದ್ದರೆ ಅಚ್ಚಿನದು ಎಂದು ಅಂದಾಜಿಸಬಹುದು. ಆದರೆ ಈ ಅಂದಾಜನ್ನು ನಂಬಿ ವಿಮಾನ ಹತ್ತಬೇಡಿ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಚಿರತೆ ಮೊದಲ ಅನುಸೂಚಿಯ ಪ್ರಾಣಿ. ಅಂಥ ಪ್ರಾಣಿಯ ಚರ್ಮ, ಉಗುರು, ಅದರಿಂದ ಮಾಡಿದ ವಸ್ತುಗಳ ಅಪರಾಧಕ್ಕೆ 3ರಿಂದ 7 ವರ್ಷ ಜೈಲು ಇದೆ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಲಾಕೆಟ್ ಧರಿಸಿದ್ದಕ್ಕೆ ಕನ್ನಡದ ರಿಯಾಲಿಟಿ ಶೋ ಸ್ಪರ್ಧಿಯೊಬ್ಬರನ್ನು ಅರಣ್ಯ ಇಲಾಖೆ ಬಂಧಿಸಿದ್ದು ನಿಮಗೆ ನೆನಪಿರಬಹುದು. ಒಂದು ಉಗುರಿಗೇ ಹೀಗಾದರೆ ಇಡೀ ಕೋಟಿನ ಗತಿ ಯೋಚಿಸಿ. ‘ಹಳೆಯದು, ಸೆಕೆಂಡ್‌ಹ್ಯಾಂಡ್, ಬಿಲ್ ಇದೆ’ ಎಂಬುದು ಅನುಮತಿ ಪತ್ರವಲ್ಲ. ಬೇರೆ ಫರ್‌ಗಳಿಗೂ ಆಮದು ನಿರ್ಬಂಧಗಳಿವೆ. ಹಾಗಾಗಿ ತರುವ ಮುನ್ನ ಕಸ್ಟಮ್ಸ್‌ನಲ್ಲಿ ವಿಚಾರಿಸಿ.

ಫಾರ್ವರ್ಡ್ ಮಾಡುವ ಮುನ್ನ

✔ ಕೂದಲು ಸುಡುವ ಮೊದಲು ಬುಡ ನೋಡಿ.
✔ ಲೇಬಲ್ ಹೇಳುವುದು ‘ಇದಕ್ಕಿಂತ ಹಿಂದಿನದಲ್ಲ’ ಎಂದಷ್ಟೇ.
✔ ಆಕಾರ, ಲೈನಿಂಗ್, ಲೇಬಲ್ ಮೂರೂ ಹೊಂದಿದರೆ ಮಾತ್ರ ವಯಸ್ಸು ನಂಬಿ.
✔ ಚುಕ್ಕೆ, ಪಟ್ಟೆ ಇದ್ದರೆ ಕೊಳ್ಳಬೇಡಿ, ತರಬೇಡಿ.

ಹೊರದೇಶದಲ್ಲಿರುವ ನಿಮ್ಮವರು ಇಂಥ ಕೋಟಿನ ಫೋಟೊ ಕಳಿಸಿದರೆ ‘ಸುಟ್ಟು ನೋಡು’ ಎನ್ನುವ ಬದಲು ‘ಒಳಗಿನ ಲೇಬಲ್‌ದೂ ಒಂದು ಫೋಟೊ ಕಳಿಸು’ ಎಂದು ಕೇಳಿ.