ಲೈಕಾ ಏನು ಹೇಳಿದ್ಳು?

ಹೋದ ಭಾನುವಾರ ಮಗಳ ಜೊತೆ ಕೂತು ಒಂದು ಕಾರ್ಟೂನ್ ಸಿನಿಮಾ ನೋಡಿದೆ. 2010ರಲ್ಲಿ ಬಂದ ರಷ್ಯನ್ ಸಿನಿಮಾ, ಬೆಲ್ಕಾ ಮತ್ತು ಸ್ಟ್ರೆಲ್ಕಾ ಅನ್ನೋ ಎರಡು ನಾಯಿಗಳ ಕಥೆ. ರಾಕೆಟ್ ಹತ್ತಿ ಬಾಹ್ಯಾಕಾಶಕ್ಕೆ ಹೋಗ್ತವೆ, ಸಾಹಸ ಮಾಡ್ತವೆ, ಸಿನಿಮಾ ಉದ್ದಕ್ಕೂ ಪಟಪಟ ಅಂತ ಮಾತಾಡ್ತವೆ. ಮುಗಿದ ಮೇಲೆ ಮಗಳು ಕೇಳಿದಳು: "ಅಪ್ಪಾ, ನಿಜವಾಗ್ಲೂ ನಾಯಿ ಮೇಲಕ್ಕೆ ಹೋಗಿತ್ತಾ?"

"ಹೋಗಿತ್ತು ಪುಟ್ಟಿ."

"ಮಾತಾಡ್ತಾ?"

ಇಲ್ಲ ಅನ್ನೋಕೆ ಬಾಯಿ ತೆರೆದವನು ಸುಮ್ಮನಾದೆ. ಯಾಕಂದ್ರೆ ಒಂದು ಲೆಕ್ಕದಲ್ಲಿ ಅವು ಮಾತಾಡಿದ್ದವು. ಕೇಳಿಸಿಕೊಂಡವರು ಏನು ಮಾಡಿದರು ಅನ್ನೋದೇ ನಿಜವಾದ ಕಥೆ.

ಅದು ಶುರುವಾಗೋದು 1951ರಲ್ಲಿ. ಮನುಷ್ಯನನ್ನು ಕಳಿಸೋಕೆ ಮುಂಚೆ, ಅಲ್ಲಿ ಜೀವ ತಡೆಯುತ್ತಾ ಅಂತ ತಿಳೀಬೇಕಿತ್ತು. ಅಮೆರಿಕದವರು ಕೋತಿಗಳನ್ನು ನೆಚ್ಚಿಕೊಂಡರು, ಸೋವಿಯತ್ ವಿಜ್ಞಾನಿಗಳು ನಾಯಿಗಳನ್ನು. ಅದೂ ಜಾತಿ ನಾಯಿಗಳಲ್ಲ, ಮಾಸ್ಕೋದ ಬೀದಿ ನಾಯಿಗಳು. ಆ ಊರಿನ ಚಳಿ, ಹಸಿವು ಎರಡನ್ನೂ ಗೆದ್ದವು ರಾಕೆಟ್ಟನ್ನೂ ತಡ್ಕೊಂಡಾವು ಅನ್ನೋ ಲೆಕ್ಕಾಚಾರ. ಆರೇಳು ಕೆಜಿ ತೂಕದವು, ಕ್ಯಾಮೆರಾಗೆ ಚೆನ್ನಾಗಿ ಕಾಣೋ ತಿಳಿ ಬಣ್ಣದವು ಬೇಕಿತ್ತು. ಕಕ್ಷೆಗೆ ಕಳಿಸೋಕೆ ಹೆಣ್ಣು ನಾಯಿಗಳನ್ನೇ ಆರಿಸಿದರು. ಆ ಇಕ್ಕಟ್ಟಿನ ಡಬ್ಬಿಯಲ್ಲಿ ಕಾಲೆತ್ತೋಕೆ ಜಾಗ ಎಲ್ಲಿ?

1951ರ ಜುಲೈ 22ರಂದು ಡೆಝಿಕ್, ತ್ಸಿಗಾನ್ ಅನ್ನೋ ಎರಡು ನಾಯಿಗಳು ಸುಮಾರು 100 ಕಿಲೋಮೀಟರ್ ಎತ್ತರಕ್ಕೆ ಹೋಗಿ ಜೀವಂತ ವಾಪಸ್ ಬಂದವು. ವಾರದ ನಂತರ ಡೆಝಿಕ್‌ನನ್ನು ಮತ್ತೆ ಕಳಿಸಿದರು, ಈ ಸಲ ಉಳಿಯಲಿಲ್ಲ. ತ್ಸಿಗಾನ್‌ನನ್ನು ಬ್ಲಾಗೊನ್ರಾವೊವ್ ಅನ್ನೋ ವಿಜ್ಞಾನಿ ಮನೆಗೇ ಕರ್ಕೊಂಡು ಹೋಗಿ ಸಾಕಿದರು. ಅದೇ ಸೆಪ್ಟೆಂಬರ್‌ನಲ್ಲಿ ಇನ್ನೊಂದು ತಮಾಷೆ. ಹಾರಬೇಕಿದ್ದ ಬೋಬಿಕ್ ಹಗ್ಗ ತಪ್ಪಿಸಿಕೊಂಡು ಓಡಿಹೋದ. ಅಲ್ಲೇ ಸಿಕ್ಕ ಒಂದು ನಾಯಿಮರಿಯನ್ನು ಹಿಡಿದು ರಾಕೆಟ್ಟಿಗೆ ಹತ್ತಿಸಿದರು. ಹೆಸರು ಝಿಬ್. 'ಕಾಣೆಯಾದ ಬೋಬಿಕ್‌ನ ಬದಲಿ' ಅನ್ನೋದರ ರಷ್ಯನ್ ಮೊದಲಕ್ಷರಗಳು. ತರಬೇತಿ ಏನೂ ಇಲ್ಲದ ಆ ಮರಿ ಕ್ಷೇಮವಾಗಿ ಇಳಿದು ಬಂತು.

ಆಮೇಲೆ ಬಂದವಳು ಲೈಕಾ. ಹೆಸರಿನ ಅರ್ಥವೇ ಬೊಗಳುವವಳು.

1957ರ ಅಕ್ಟೋಬರ್ 4ಕ್ಕೆ ಸ್ಪುಟ್ನಿಕ್ ಹಾರಿತು, ಜಗತ್ತೇ ಬೆರಗಾಯಿತು. ನವೆಂಬರ್ 7ಕ್ಕೆ ಕ್ರಾಂತಿಯ 40ನೇ ವರ್ಷದ ಹಬ್ಬ. ಅಷ್ಟರೊಳಗೆ ಇನ್ನೊಂದು ದೊಡ್ಡದು ಆಗಬೇಕು ಅಂತ ಕ್ರುಶ್ಚೇವ್ ಪಟ್ಟು ಹಿಡಿದರು. ಕೈಯಲ್ಲಿದ್ದದ್ದು ಸುಮಾರು ನಾಲ್ಕೇ ವಾರ. 'ಹಬ್ಬಕ್ಕೆ ರಿಲೀಸ್ ಆಗ್ಲೇಬೇಕು' ಅಂತ ಮೇಲಿನವರು ಹೇಳಿದ್ರೆ ಏನಾಗುತ್ತೆ ಅಂತ ನನ್ನಂಥ ಸಾಫ್ಟ್‌ವೇರ್ ಮಂದಿಗೆ ಬಿಡಿಸಿ ಹೇಳಬೇಕಿಲ್ಲ. ಏನು ಕೈಬಿಡೋಣ ಅನ್ನೋದೇ ಮೊದಲ ಪ್ರಶ್ನೆ. ಕಕ್ಷೆಯಿಂದ ಜೀವಂತ ಕೆಳಗಿಳಿಸೋ ವ್ಯವಸ್ಥೆ ಆಗಿನ್ನೂ ತಯಾರಿರಲಿಲ್ಲ. ಅದು ತಯಾರಾಗೋವರೆಗೂ ಕಾಯೋಕೆ ಪುರುಸೊತ್ತಿರಲಿಲ್ಲ. ಹಾಗಾಗಿ ಲೈಕಾಳದು ಹೋಗುವ ಪ್ರಯಾಣ ಮಾತ್ರ ಅಂತ ಎಲ್ಲರಿಗೂ ಮೊದಲೇ ಗೊತ್ತಿತ್ತು. ತಂಡದ ವೈದ್ಯ ಯಾಜ್ದೋವ್‌ಸ್ಕಿ ಹಾರಾಟಕ್ಕೆ ಮುಂಚೆ ಅವಳನ್ನು ಮನೆಗೆ ಕರ್ಕೊಂಡು ಹೋಗಿ ತಮ್ಮ ಮಕ್ಕಳ ಜೊತೆ ಆಟ ಆಡೋಕೆ ಬಿಟ್ಟರು.

ನವೆಂಬರ್ 3ಕ್ಕೆ ಸ್ಪುಟ್ನಿಕ್ 2 ಹೊರಟಿತು. ಲೈಕಾಳ ಮೈಗೆ ಸೆನ್ಸರ್‌ಗಳಿದ್ದವು. ಅವಳ ಎದೆಬಡಿತ, ಉಸಿರಾಟ ರೇಡಿಯೋ ಮೂಲಕ ಭೂಮಿಗೆ ಬರುತ್ತಿತ್ತು. ನಾನು 'ಮಾತು' ಅಂದಿದ್ದು ಇದನ್ನೇ. ಹೊರಡುವ ಮುಂಚೆ ನಿಮಿಷಕ್ಕೆ 103 ಇದ್ದ ಬಡಿತ, ರಾಕೆಟ್ ಏರುವಾಗ 240ಕ್ಕೆ ಹೋಯಿತು. ಆಮೇಲೆ ಇಳಿಯಿತು. ಆದರೆ ಹಳೇ ಮಟ್ಟಕ್ಕೆ ಬರೋಕೆ, ನೆಲದ ಮೇಲಿನ ಪರೀಕ್ಷೆಗಳಲ್ಲಿ ಹಿಡಿದಿದ್ದಕ್ಕಿಂತ ಮೂರು ಪಟ್ಟು ಹೊತ್ತು ಹಿಡಿಯಿತು. ನಂಗೆ ಹೆದರಿಕೆ ಆಗ್ತಿದೆ ಅಂತ ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳೋದು? ಕ್ಯಾಬಿನ್ನಿನ ತಾಪ ನಿಯಂತ್ರಣ ಕೈಕೊಟ್ಟಿತ್ತು, ಒಳಗಿನ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿತು. ಹೊರಟ ಐದಾರು ಗಂಟೆಗೆಲ್ಲ ಜೀವದ ಸುಳಿವು ನಿಂತುಹೋಯಿತು.

ಜಗತ್ತಿಗೆ ಹೇಳಿದ್ದು ಬೇರೆ. ಲೈಕಾ ದಿನಗಟ್ಟಲೆ ಬದುಕಿದ್ದಳು, ನೋವಿಲ್ಲದೆ ಕಣ್ಮುಚ್ಚಿದಳು ಅಂತ. ಅವಳ ಶವ ಹೊತ್ತ ಡಬ್ಬಿ ಭೂಮಿಯನ್ನು 2,570 ಸಲ ಸುತ್ತಿ 1958ರ ಏಪ್ರಿಲ್ 14ರಂದು ಉರಿದುಹೋಯಿತು. ನಿಜ ಹೊರಗೆ ಬಂದಿದ್ದು 2002ರಲ್ಲಿ. ಹ್ಯೂಸ್ಟನ್ನಿನ ಒಂದು ಸಮ್ಮೇಳನದಲ್ಲಿ ರಷ್ಯನ್ ವಿಜ್ಞಾನಿ ಮಲಾಶೆಂಕೊವ್ ಮಂಡಿಸಿದ ಪ್ರಬಂಧದಲ್ಲಿ. ಅಂದ್ರೆ 45 ವರ್ಷದ ಮೇಲೆ.

ನನ್ನ ಕೆಲಸದಲ್ಲಿ ಅರ್ಧ ಭಾಗ ಲಾಗ್ ಓದೋದು. ಯಾವ ಸರ್ವರ್ ಎಷ್ಟು ಹೊತ್ತಿಗೆ ಬಿತ್ತು ಅಂತ ಲಾಗ್ ನೇರವಾಗಿ ಹೇಳುತ್ತೆ. ಸುಳ್ಳು ಸೇರಿಕೊಳ್ಳೋದು ಅದನ್ನು ಓದಿದವರು ಮೇಲಕ್ಕೆ ಕಳಿಸೋ ರಿಪೋರ್ಟಿನಲ್ಲಿ.

ನಾನು ಬಿಇ ಸೇರಿ ಮೈಸೂರಿನ ಹಾಸ್ಟೆಲ್ಲಿಗೆ ಬಂದಾಗ ಊರಿನ ಮನೇಲಿ ಕರಿಯ ಅಂತ ನಾಯಿ ಇತ್ತು. ಪ್ರತಿ ವಾರ ಫೋನಿನಲ್ಲಿ "ಕರಿಯ ಹೆಂಗವ್ನೆ?" ಅಂತ ಕೇಳ್ತಿದ್ದೆ. "ಅವನಿಗೇನಾಗದೆ, ಜಗಲಿ ಮೇಲೆ ಬಿದ್ದವ್ನೆ" ಅನ್ನೋರು ಅಪ್ಪ. ಸೆಮಿಸ್ಟರ್ ಮುಗಿಸಿ ಊರಿಗೆ ಹೋದರೆ ಜಗಲಿ ಖಾಲಿ. ನಾನು ಹೊರಟ ಎರಡನೇ ವಾರವೇ ಹಾವು ಕಚ್ಚಿತ್ತಂತೆ. "ಓದೋ ಹುಡ್ಗ, ಮನ್ಸಿಗೆ ಹಚ್ಕೋತೀಯ ಅಂತ ಹೇಳ್ನಿಲ್ಲ ಕನ್ ಮಗ" ಅಂದರು. ನಾಲ್ಕು ತಿಂಗಳು ನಾನು ಸತ್ತ ನಾಯಿಯ ಯೋಗಕ್ಷೇಮ ಕೇಳಿದ್ದೆ. ಅಪ್ಪ ಸುಳ್ಳು ಹೇಳಿದ್ದು ನನಗೋಸ್ಕರ, ಮಾಸ್ಕೋದವರು ಹೇಳಿದ್ದು ತಮ್ಮ ಮರ್ಯಾದೆಗೋಸ್ಕರ. ಎರಡನ್ನೂ ಒಂದೇ ತಕ್ಕಡಿಗೆ ಹಾಕಲ್ಲ. ಆದರೂ ಆ ಖಾಲಿ ಜಗಲಿ ನೋಡಿದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ನಾಯಿ ಹೇಳಿದ್ದನ್ನು ಕೇಳಿ ಅದರಂತೆ ನಡೆದ ಕಥೆಯೂ ಇದೆ. 1960ರ ಆಗಸ್ಟ್ 19ರಂದು ಬೆಲ್ಕಾ, ಸ್ಟ್ರೆಲ್ಕಾ ಹೋದರು. ಜೊತೆಗೆ ಒಂದು ಮೊಲ, ಇಲಿಗಳು. ನಾಲ್ಕನೇ ಸುತ್ತಿನಲ್ಲಿ ಬೆಲ್ಕಾ ವಾಂತಿ ಮಾಡಿಕೊಂಡಳು. ಟಿವಿ ಚಿತ್ರದಲ್ಲಿ ಅದನ್ನು ಕಂಡವರು, ಮೊದಲ ಮನುಷ್ಯನಿಗೆ ಒಂದು ಸುತ್ತು ಸಾಕು ಅಂದರು. 1961ರ ಏಪ್ರಿಲ್ 12ಕ್ಕೆ ಗಗಾರಿನ್ ಒಂದೇ ಸುತ್ತು ಹಾಕಿ ಇಳಿದಿದ್ದರಲ್ಲಿ ಬೆಲ್ಕಾಳ ಸಲಹೆಯೂ ಇದೆ ಅನ್ನಬಹುದು.

ಬೆಲ್ಕಾ, ಸ್ಟ್ರೆಲ್ಕಾ ಇಬ್ಬರೂ ಮರುದಿನ ಜೀವಂತ ಇಳಿದರು. ಸ್ಟ್ರೆಲ್ಕಾ ಆಮೇಲೆ ಆರು ಮರಿ ಹಾಕಿದಳು. ಅದರಲ್ಲೊಂದು ಪುಷಿಂಕಾ. ಅದನ್ನು ಕ್ರುಶ್ಚೇವ್ 1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಮನೆಯವರಿಗೆ ಉಡುಗೊರೆ ಕಳಿಸಿದರು. ಮರಿಯ ಮೈಯೊಳಗೆ ಕದ್ದು ಕೇಳೋ ಯಂತ್ರ ಏನಾದರೂ ಇದೆಯಾ ಅಂತ ಅಮೆರಿಕದವರು ತಪಾಸಣೆ ಮಾಡಿಸಿದರು! ಏನೂ ಇರಲಿಲ್ಲ. ಪುಷಿಂಕಾ ಅಲ್ಲೇ ಕೆನಡಿ ಮನೆಯ ಚಾರ್ಲಿ ಅನ್ನೋ ನಾಯಿಯ ಜೊತೆ ಕೂಡಿ, 1963ರಲ್ಲಿ ನಾಲ್ಕು ಮರಿ ಹಾಕಿತು. ಎರಡು ದೇಶ ಕ್ಷಿಪಣಿ ಹಿಡಿದು ನಿಂತಿದ್ದ ಕಾಲದಲ್ಲಿ ನಾಯಿಗಳು ಬೀಗರಾದವು.

ಲೈಕಾಳನ್ನು ತಯಾರು ಮಾಡಿದವರಲ್ಲಿ ಒಬ್ಬರಾದ ಗಾಜೆಂಕೊ 1998ರಲ್ಲಿ ಪಶ್ಚಾತ್ತಾಪ ಪಟ್ಟರು. ಅವಳ ಸಾವಿಗೆ ಸಮನಾಗುವಷ್ಟು ನಾವೇನೂ ಕಲಿಯಲಿಲ್ಲ ಅನ್ನೋ ಅರ್ಥದಲ್ಲಿ. 2008ರಲ್ಲಿ ಮಾಸ್ಕೋದಲ್ಲಿ ಅವಳಿಗೊಂದು ಸ್ಮಾರಕವೂ ಆಯಿತು.

ಮಗಳಿಗೆ ಬೆಲ್ಕಾ, ಸ್ಟ್ರೆಲ್ಕಾ ಕಥೆ ಹೇಳಿ ನಿಲ್ಲಿಸಬಹುದಿತ್ತು. ಲೈಕಾಳದೂ ಹೇಳಿದೆ. "ಅವ್ಳು ವಾಪಸ್ ಬಂದ್ಳಾ?" ಅಂದಳು.

"ಇಲ್ಲ ಪುಟ್ಟಿ. ಸೆಕೆ ತಡೀಲಾರದೆ ಅವತ್ತೇ ಸತ್ತೋದ್ಳು."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೆಕೆ ಆಗ್ತಿದೆ ಅಂತ ಹೇಳಿದ್ಳಾ?" ಅಂತ ಕೇಳಿದಳು.

"ಹೂಂ, ಹೇಳಿದ್ಳು."