ಬೆಟ್ಟದ ಮೇಲಿನ ವೈದ್ಯಸೇವೆ: ಒಂದು ಹಳೆಯ ನೆನಪು, ಸ್ವಲ್ಪ ಇತಿಹಾಸ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹತ್ತನೆಯ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ಕಿಟಕಿಯಾಚೆ ನೋಡುತ್ತಿದ್ದವನು ಈಗ ವೈದ್ಯ. ಸಂಜೆ ಇಬ್ಬರೂ ನಮ್ಮ ರಾಮಕೃಷ್ಣನಗರದ ಪರಮಹಂಸ ವೃತ್ತದವರೆಗೆ ನಡೆದು ಹೋದೆವು. ಭಕ್ತಮಂಡಳಿಯೊಂದು ಮಲೆ ಮಹದೇಶ್ವರ ಬೆಟ್ಟದ ಕಡೆಯ ಸೋಲಿಗರ ಪೋಡುಗಳಲ್ಲಿ ಎರಡು ದಿನಗಳ ಉಚಿತ ಆರೋಗ್ಯ ಶಿಬಿರವನ್ನು ನಡೆಸಲಿದೆಯಂತೆ, ಇವನನ್ನೂ ಕರೆದಿದ್ದಾರಂತೆ. “ಹೋಗಲೇ ಸಾರ್?” ಎಂದು ಕೇಳಿದ. ಒಳ್ಳೆಯ ಕೆಲಸ, ಹೋಗಿ ಬಾ ಎನ್ನುವುದು ಸುಲಭವಾಗಿತ್ತು. ಆದರೆ ಆ ಮಾತು ನನ್ನ ಬಾಯಿಂದ ಕೂಡಲೇ ಹೊರಡಲಿಲ್ಲ. ಅದರ ಕಾರಣವನ್ನು ಅವನಿಗೆ ಅಂದು ಅರ್ಧ ಮಾತ್ರ ಹೇಳಿದೆ. ಉಳಿದುದನ್ನು ನಿಮ್ಮೆಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

1984ರಲ್ಲಿ ನಾನು ಬಿ.ಎಡ್. ಮುಗಿಸಿ ಕೆಲಸಕ್ಕಾಗಿ ಕಾಯುತ್ತಿದ್ದೆ. ಪರಿಚಿತರೊಬ್ಬರ ಮಾತಿನ ಮೇಲೆ ಅದೇ ಬೆಟ್ಟಸಾಲಿನ ಒಂದು ಪೋಡಿಗೆ ಶಿಬಿರವೊಂದರ ಸ್ವಯಂಸೇವಕನಾಗಿ ಹೊರಟೆ. ಅದನ್ನು ನಡೆಸಿದವರ ಹೆಸರು ಇಲ್ಲಿ ಬೇಡ. ಅವರೆಲ್ಲ ಸಜ್ಜನರು, ತಮ್ಮ ಕೈಯಿಂದ ಖರ್ಚು ಮಾಡಿಕೊಂಡು ಬಂದಿದ್ದವರು. ಬೆಳಗ್ಗೆ ಭಜನೆ, ಅನಂತರ ತಪಾಸಣೆ, ರಾತ್ರಿ ಮಂಗಳಾರತಿ. ಹೀಗೆ ಮೂರು ದಿನ. ವೈದ್ಯವಿದ್ಯೆ ನನಗೆ ತಿಳಿಯದಾದ್ದರಿಂದ ರಿಜಿಸ್ಟರ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ಹೆಸರು, ಊರು, ವಯಸ್ಸು, ಕಾಯಿಲೆ. ವಯಸ್ಸು ಕೇಳಿದರೆ ಒಬ್ಬಾಕೆ ಆನೆ ಗುಡಿಸಲು ಕೆಡವಿದ ವರ್ಷ ತಾನು ಕೈಗೂಸು ಎಂದಳು. ನಾನು ಮುಖ ನೋಡಿ ‘45’ ಎಂದು ಬರೆದುಕೊಂಡೆ. ಇತಿಹಾಸದ ಅಧ್ಯಾಪಕನಾಗಲು ಹೊರಟಿದ್ದವನ ಕಾಲಗಣನೆ ಅಷ್ಟರಮಟ್ಟಿಗಿತ್ತು!

ಎರಡನೆಯ ದಿನ ಸುಮಾರು ಮೂವತ್ತರ ಪ್ರಾಯದ ಗಟ್ಟಿಮುಟ್ಟಾದ ಆಳೊಬ್ಬ ಬಂದ. ಬೆನ್ನ ಮೇಲೆ ಅಂಗೈಯಗಲದ ಒಂದು ಬಿಳುಪು ಮಚ್ಚೆ. ವೈದ್ಯರು ಅವನ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಅಲ್ಲಲ್ಲಿ ಮುಟ್ಟಿ, ಮುಟ್ಟಿದಾಗಲೆಲ್ಲ ಹೇಳು ಎಂದರು. ಭುಜದ ಮೇಲೆ ಮುಟ್ಟಿದಾಗ ಹೇಳಿದ. ಮಚ್ಚೆಯ ಮೇಲೆ ಮುಟ್ಟಿದಾಗ ಸುಮ್ಮನಿದ್ದ. ವೈದ್ಯರು ನನ್ನತ್ತ ತಿರುಗಿ ಮೆಲ್ಲಗೆ ‘ಕುಷ್ಠ’ ಎಂದರು, ನಾನು ಬರೆದುಕೊಂಡೆ. ಒಂದು ತಿಂಗಳಿಗಾಗುವಷ್ಟು ಬಿಳಿಯ ಮಾತ್ರೆಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟು, ಮುಂದೆ ಪ್ರತಿ ತಿಂಗಳೂ ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಗೆ ಹೋಗಬೇಕೆಂದು ಹೇಳಿ ಕಳುಹಿಸಿದರು. ಆತ ತಲೆಯಾಡಿಸಿದ. ಪೋಡಿನಿಂದ ಬಸ್ಸು ಸಿಗುವ ಊರಿಗೆ ಅರ್ಧ ದಿನದ ನಡಿಗೆ ಎಂಬುದು ನಮಗೆಲ್ಲರಿಗೂ ತಿಳಿದಿತ್ತು. ನಾವೇ ಆ ದಾರಿಯಲ್ಲಿ ಏದುಸಿರು ಬಿಡುತ್ತ ಬಂದಿದ್ದೆವು. ಆದರೂ ಯಾರೂ ಆ ಲೆಕ್ಕವನ್ನು ಮಾಡಲಿಲ್ಲ. ಇನ್ನೂರಕ್ಕೂ ಹೆಚ್ಚು ರೋಗಿಗಳನ್ನು ನೋಡಿದೆವೆಂಬ ಸಂತೋಷದಲ್ಲಿ ಬೆಟ್ಟವಿಳಿದೆವು.

1987ರ ದೀಪಾವಳಿಯ ಜಾತ್ರೆಗೆ ಮನೆಯವರೊಡನೆ ಮಹದೇಶ್ವರನ ಬೆಟ್ಟಕ್ಕೆ ಹೋಗಿದ್ದೆ. ಜನಸಂದಣಿಯಲ್ಲಿ ಒಬ್ಬಾತ ಎದುರು ನಿಂತು, “ಬುಕ್ಕಲ್ಲಿ ನಮ್ ಹೆಸ್ರ ಬರ್ಕಂಡೋರು ನೀವೇ ಅಲ್ವಾ ಸೋಮಿ?” ಎಂದ. ಗುರುತು ಹತ್ತಲಿಲ್ಲ. ಅವನು ಕೈಮುಗಿದಾಗ ನೋಡಿದೆ: ಬಲಗೈಯ ಕೊನೆಯ ಎರಡು ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು, ನೆಟ್ಟಗಾಗುತ್ತಿರಲಿಲ್ಲ. ಆಸ್ಪತ್ರೆಗೆ ಹೋಗಿದ್ದೆಯಾ ಎಂದೆ. ಎರಡು ಸಲ ಹೋಗಿದ್ದನಂತೆ. ಆಮೇಲೆ ಕೂಲಿ ತಪ್ಪುತ್ತದೆಂದು ಬಿಟ್ಟನಂತೆ. “ನೀವು ತಿರ್ಗ ಬತ್ತೀರಿ ಅಂತಿದ್ದೊ” ಎಂದ. ಆಕ್ಷೇಪಣೆಯ ದನಿಯೇ ಇರಲಿಲ್ಲ. ಅದು ಇದ್ದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ಕುಷ್ಠವು ಶಿಬಿರಕ್ಕೆ ಬಗ್ಗುವ ರೋಗವಲ್ಲ. ಅದರ ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿಯೇ ಕಂಡುಹಿಡಿದನಾದರೂ, ಪರಿಣಾಮಕಾರಿಯಾದ ಔಷಧ ಬಂದದ್ದು 1940ರ ದಶಕದಲ್ಲಿ. ಡ್ಯಾಪ್ಸೋನ್ ಎಂಬ ಆ ಮಾತ್ರೆಯನ್ನು ವರ್ಷಗಟ್ಟಲೆ ನುಂಗಬೇಕಾಗಿತ್ತು. ನಡುವೆ ಬಿಟ್ಟರೆ ರೋಗಾಣು ಔಷಧಕ್ಕೆ ಜಗ್ಗದಂತಾಗುತ್ತಿತ್ತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ರಿಫಾಂಪಿಸಿನ್, ಕ್ಲೋಫಾಜಿಮಿನ್‌ಗಳನ್ನೂ ಸೇರಿಸಿದ ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಆಗ ಅವಧಿ ಆರು ತಿಂಗಳಿಂದ ಎರಡು ವರ್ಷಗಳಿಗೆ ಇಳಿಯಿತು. ಭಾರತದಲ್ಲಿ ಅದು ಜಿಲ್ಲೆಯಿಂದ ಜಿಲ್ಲೆಗೆ ಹಂತಹಂತವಾಗಿ ಬಂದಿತು. ಆದರೆ ಆರು ತಿಂಗಳೆಂದರೂ, ಆರು ತಿಂಗಳು ಮಾತ್ರೆ ತಲುಪಿಸುವವರು ಬೇಕು. ನುಂಗಿದೆಯಾ ಎಂದು ಕೇಳುವವರು ಬೇಕು.

ಧರ್ಮಶ್ರದ್ಧೆಯಿಂದ ವೈದ್ಯಸೇವೆಗೆ ಹೊರಟವರಲ್ಲಿ ಬಂದು ಹೋದವರು, ಬಂದು ನಿಂತವರು ಎಂಬ ಎರಡು ಬಗೆಯನ್ನು ನಾನು ಆ ಜಾತ್ರೆಯ ಅನಂತರವೇ ಗುರುತಿಸತೊಡಗಿದುದು. ನಮ್ಮ ಮೈಸೂರಿನಲ್ಲಿಯೇ ನಿಂತವರ ಉದಾಹರಣೆಯಿದೆ. ಮಂಡಿ ಮೊಹಲ್ಲಾದ ಮೇರಿ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಮೆಥಡಿಸ್ಟ್ ಮಿಷನ್ನಿನವರು ಹೆಂಗಸರು ಮಕ್ಕಳಿಗಾಗಿ 1906ರಲ್ಲಿ ತೆರೆದರು. ನಮ್ಮ ಹಿರಿಯರ ಬಾಯಲ್ಲಿ ಅದು ಬರಿಯ ‘ಮಿಷನ್ ಆಸ್ಪತ್ರೆ’. ಮಡಿಹುಡಿಯ ಮನೆಗಳ ಹೆಣ್ಣುಮಕ್ಕಳೂ ಹೆರಿಗೆಗೆ ಅಲ್ಲಿಗೆ ಹೋದದ್ದನ್ನು ನನ್ನ ಅಜ್ಜಿ ಹೇಳುತ್ತಿದ್ದರು. ಮತವನ್ನು ಕುರಿತ ಅನುಮಾನವಿರಲಿಲ್ಲವೆಂದಲ್ಲ. ಆದರೆ ನಡುರಾತ್ರಿ ಬಾಗಿಲು ತಟ್ಟಿದರೆ ಒಳಗೆ ಒಬ್ಬರು ಇರುತ್ತಾರೆಂಬ ಭರವಸೆ ಅನುಮಾನಕ್ಕಿಂತ ದೊಡ್ಡದಾಗಿತ್ತು.

ಹಿಂದೂ ಸಂನ್ಯಾಸಿಗಳಲ್ಲಿ ಈ ಕಾರ್ಯವನ್ನು ಸಂಘಟಿತ ರೂಪಕ್ಕೆ ತಂದವರು ಸ್ವಾಮಿ ವಿವೇಕಾನಂದರು. 1892ರಲ್ಲಿ ಅವರು ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದುದು ನಿಮಗೆ ಪಾಠದಲ್ಲಿ ಹೇಳಿದ್ದೇನೆ. 1894ರಲ್ಲಿ ಷಿಕಾಗೋದಿಂದ ಅದೇ ಮಹಾರಾಜರಿಗೆ ಬರೆದ ಪತ್ರದಲ್ಲಿ, ಬಡವನ ಮಗ ಶಾಲೆಗೆ ಬರಲಾರದಿದ್ದರೆ ವಿದ್ಯೆಯೇ ಅವನಿದ್ದಲ್ಲಿಗೆ ಹೋಗಬೇಕೆಂಬ ಆಶಯವನ್ನು ತೋಡಿಕೊಂಡಿದ್ದಾರೆ. 1897ರಲ್ಲಿ ಸ್ಥಾಪಿತವಾದ ರಾಮಕೃಷ್ಣ ಮಿಷನ್ ಈ ತತ್ತ್ವವನ್ನು ಔಷಧಕ್ಕೂ ಅನ್ವಯಿಸಿತು. ಹರಿದ್ವಾರದ ಬಳಿಯ ಕನ್‌ಖಲ್‌ನ ಸೇವಾಶ್ರಮ 1901ರಲ್ಲಿಯೂ, ಹಿಮಾಲಯದ ಮಾಯಾವತಿಯ ಧರ್ಮಾರ್ಥ ಚಿಕಿತ್ಸಾಲಯ 1903ರಲ್ಲಿಯೂ ಆರಂಭವಾದವು. ಅದ್ವೈತ ಸಾಧನೆಗೆಂದೇ ಮೀಸಲಾಗಿ, ವಿಗ್ರಹಪೂಜೆಯನ್ನೂ ಇಟ್ಟುಕೊಳ್ಳದ ಮಾಯಾವತಿಯ ಆಶ್ರಮದಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸಕ್ಕೆ ಜಾಗವಿದ್ದುದನ್ನು ನೆನೆದಾಗಲೆಲ್ಲ ನನಗೆ ಆನಂದವಾಗುತ್ತದೆ.

ಈ ಧಾರೆಯೇ ನಮ್ಮ ಬೆಟ್ಟಗಳಿಗೆ ಬಂದದ್ದು ಡಾ. ಎಚ್. ಸುದರ್ಶನರ ಮೂಲಕ. ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ 1973ರಲ್ಲಿ ಪದವಿ ಪಡೆದು, ರಾಮಕೃಷ್ಣ ಮಿಷನ್ನಿನ ಆಸ್ಪತ್ರೆಗಳಲ್ಲಿ, ಹಿಮಾಲಯದ ಕಡೆಯೂ ನಮ್ಮ ಕೊಡಗಿನ ಪೊನ್ನಂಪೇಟೆಯಲ್ಲೂ, ದುಡಿದು, ಕೊನೆಗೆ ಯಳಂದೂರಿನ ಮೇಲಿನ ಬಿಳಿಗಿರಿರಂಗನ ಬೆಟ್ಟಕ್ಕೆ ಬಂದು ನೆಲಸಿದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ರೂಪುಗೊಂಡಿತು. ಮೊದಮೊದಲು ಸೋಲಿಗರು ಅವರನ್ನು ನಂಬಲಿಲ್ಲ. ನಂಬುವುದಾದರೂ ಏಕೆ? ಕೆಳಗಿನಿಂದ ಬಂದವರು ಅದುವರೆಗೆ ಅವರಿಂದ ತೆಗೆದುಕೊಂಡು ಹೋದದ್ದೇ ಹೆಚ್ಚು. ಪೋಡಿನಿಂದ ಪೋಡಿಗೆ ನಡೆದು, ಅವರ ಗಿಡಮೂಲಿಕೆಯ ಅರಿವನ್ನೂ ಗೌರವಿಸುತ್ತ, ಇದ್ದೂ ಇದ್ದೂ ವೈದ್ಯರು ವಿಶ್ವಾಸವನ್ನು ಗಳಿಸಿಕೊಂಡರು. ಬೆಟ್ಟದ ರಂಗನಾಥನು ಸೋಲಿಗರ ಹೆಣ್ಣು ಕುಸುಮಾಲೆಯನ್ನು ವರಿಸಿದನೆಂಬ ಕಥೆಯಿಂದಾಗಿ ಸೋಲಿಗರಿಗೆ ಅವನು ದೇವರಷ್ಟೇ ಅಲ್ಲ, ಭಾವನೂ ಹೌದು. ದೇವರನ್ನೇ ನೆಂಟನನ್ನಾಗಿ ಮಾಡಿಕೊಂಡ ಜನ ವೈದ್ಯರನ್ನು ದೂರವಿಟ್ಟಾರೆಯೇ!

ಕುಷ್ಠದ ಮಾತಿಗೆ ಬರುತ್ತೇನೆ. ಬೆಟ್ಟದ ಬುಡದ ಯಳಂದೂರು ತಾಲ್ಲೂಕು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಸೀಮೆ, ಸಂಚಿಯ ಹೊನ್ನಮ್ಮನ ತವರು. ಆದರೆ 1980ರ ದಶಕದಲ್ಲಿ ಅಲ್ಲಿ ಸಾವಿರಕ್ಕೆ ಸುಮಾರು 21 ಮಂದಿಗೆ ಕುಷ್ಠವಿತ್ತು. ಇದಕ್ಕೆಂದೇ ಡಾ. ಸುದರ್ಶನರು 1986ರಲ್ಲಿ ಕರುಣಾ ಟ್ರಸ್ಟನ್ನು ಕಟ್ಟಿದರು. ಮುಂದಿನ ಎರಡು ದಶಕಗಳಲ್ಲಿ ಆ ಸಂಖ್ಯೆ ಸಾವಿರಕ್ಕೆ ಒಂದಕ್ಕಿಂತಲೂ ಕೆಳಗಿಳಿಯಿತು. 1994ರಲ್ಲಿ ಸುದರ್ಶನರಿಗೂ ಕೇಂದ್ರಕ್ಕೂ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಅವರಿಗೆ ಪದ್ಮಶ್ರೀ ಬಂದವು. ಪ್ರಶಸ್ತಿಗಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು 1996ರ ಒಂದು ಸಂಗತಿ. ಬೆಟ್ಟದ ಬುಡದ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ಸರ್ಕಾರ ಈ ಟ್ರಸ್ಟಿಗೆ ವಹಿಸಿಕೊಟ್ಟಿತು. ಆಶ್ರಮದ ಪಕ್ಕದಲ್ಲಿ ಬೇರೊಂದು ಆಸ್ಪತ್ರೆ ಎಬ್ಬಿಸುವುದಕ್ಕಿಂತ, ಇರುವ ಸರ್ಕಾರಿ ಆಸ್ಪತ್ರೆಯ ಬಾಗಿಲು ದಿನವೂ ತೆರೆದಿರುವಂತೆ ಮಾಡುವುದು ಕಷ್ಟದ ಕೆಲಸ. ಅದರಲ್ಲಿ ಫೋಟೋ ತೆಗೆಯಿಸಿಕೊಳ್ಳುವಂಥದ್ದು ಏನೂ ಇಲ್ಲ.

1990ರ ಬೇಸಿಗೆ ರಜೆಯಲ್ಲಿ ಕೆಲವು ದಿನ ನಾನು ರಂಗನ ಬೆಟ್ಟದಲ್ಲಿದ್ದು ಬಂದೆ. ನಿಜ ಹೇಳಬೇಕೆಂದರೆ ಸೇವೆಗಲ್ಲ, ನೋಡಲು. ಆಗ ಅರ್ಥವಾದ ಮತ್ತೊಂದು ವಿಷಯವೆಂದರೆ, ಕಾಯಿಲೆಯ ಬೇರು ಮೈಯಲ್ಲಷ್ಟೇ ಇರುವುದಿಲ್ಲ. 1974ರಲ್ಲಿ ಆ ಕಾಡು ವನ್ಯಜೀವಿಧಾಮವಾದ ಮೇಲೆ ಸೋಲಿಗರ ಬೇಟೆ ನಿಂತಿತು, ಕುಮರಿ ಬೇಸಾಯ ನಿಂತಿತು, ಒಳಗಾಡಿನ ಪೋಡುಗಳವರು ರಸ್ತೆಯ ಅಂಚಿಗೆ ಬಂದರು. ರಾಗಿ, ಗೆಡ್ಡೆ, ಜೇನು ಕಡಿಮೆಯಾದ ಮನೆಯ ಮಗುವಿಗೆ ಎಷ್ಟು ಟಾನಿಕ್ಕು ಕುಡಿಸಿದರೇನು? 2011ರಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರಗಳೂ ದೊರೆತವು. ಆ ಸುದ್ದಿಯನ್ನು ನಾನು ಆರೋಗ್ಯದ ಸುದ್ದಿಯೆಂದೇ ಓದಿದೆ.

ಇಷ್ಟನ್ನೂ ವೃತ್ತದ ಬಳಿ ನಿಂತು ಹೇಳಲಾಗಲಿಲ್ಲ. ವಿದ್ಯಾರ್ಥಿಗೆ ಒಂದೇ ಮಾತು ಹೇಳಿದೆ: “ಶಿಬಿರ ಮುಗಿದ ಮಾರನೆಯ ತಿಂಗಳು ಅಲ್ಲಿ ಯಾರಿರುತ್ತಾರೆಂದು ಕೇಳಿಕೊಂಡು ಬಾ.” ಕಳೆದ ವಾರ ಫೋನ್ ಮಾಡಿದ್ದ. ಕೇಳಿದನಂತೆ. ಮಂಡಳಿಯವರು ಮೊದಲು ಮುನಿಸಿಕೊಂಡು, ಆಮೇಲೆ ಹತ್ತಿರದ ಆರೋಗ್ಯ ಕೇಂದ್ರದ ದಾದಿಯನ್ನೂ ಆಶಾ ಕಾರ್ಯಕರ್ತೆಯನ್ನೂ ಕರೆದು ಮಾತನಾಡಿದರಂತೆ. ರೋಗಿಗಳ ಪಟ್ಟಿಯ ಒಂದು ಪ್ರತಿ ಅವರ ಬಳಿಯೂ ಉಳಿಯುತ್ತದೆ. ಇವನು ಎರಡನೆಯ ಶನಿವಾರಗಳಲ್ಲಿ ಹೋಗಿ ಬರುವುದೆಂದು ನಿಶ್ಚಯವಾಗಿದೆ.

ಅವನಿಗೆ ಆ ಹಳೆಯ ಪೋಡಿನ ಹೆಸರನ್ನೂ, ಬೆರಳು ಮಡಚಿದ್ದವನ ಹೆಸರನ್ನೂ ಕೊಟ್ಟಿದ್ದೇನೆ. ಬದುಕಿದ್ದರೆ ಈಗ ಎಪ್ಪತ್ತು ದಾಟಿರಬೇಕು. ಹೆಸರು ಮರೆಯುವ ಪ್ರಶ್ನೆಯೇ ಇಲ್ಲ. ರಿಜಿಸ್ಟರಿನಲ್ಲಿ ಬರೆದವನು ನಾನೇ ತಾನೆ.